ಹನ್ನೆರಡಕ್ಕಿಂತ ಹೆಚ್ಚಿದ್ದರೆ ಎರಡು ಕೂಡಿಸು

ಪಂಪ್‌ಸೆಟ್ ಶುರುವಾದ ಸದ್ದು ಕೇಳಿದರೆ ಬೇರೆಯವರು ನೀರಿನ ಕಡೆ ನೋಡುತ್ತಾರೆ. ನಾನು ಮೇಲೆ ನೋಡುತ್ತೇನೆ. ಹತ್ತಿರದ ಲೈಟುಕಂಬ ಯಾವುದು, ಅದರ ಮೇಲೆ ಯಾರಾದರೂ ಇದ್ದಾರೆಯೇ ಎಂದು. ಸಾಮಾನ್ಯವಾಗಿ ಕಾಗೆ ಇರುತ್ತದೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಬಿ.ಎಸ್ಸಿ. ಮುಗಿಸಿ, ತುಮಕೂರಿನಲ್ಲಿ ಕಂಪ್ಯೂಟರ್ ತರಬೇತಿ ಪಡೆದು, ಮಧುಗಿರಿಯ ಒಂದು ವಿದ್ಯುತ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಇದ್ದದ್ದು ಕೊರಟಗೆರೆಯ ಅಕ್ಕನ ಮನೆಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ಬಸ್ಸಿನಲ್ಲಿ ಬರುವುದು. ಭಾವ, ಎಂದರೆ ಅಕ್ಕನ ಗಂಡ, ಲೈನ್‌ಮನ್. ಕೊಳಾಲದ ಕಡೆಯ ಕಂಬಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ನಾನು ಕೆಲಸಕ್ಕೆ ಸೇರಿದ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಕಂಪ್ಯೂಟ್ರಮ್ಮ’ ಎಂದೇ ಕರೆಯುತ್ತಿದ್ದರು.

"ಕಂಪ್ಯೂಟ್ರಮ್ಮ, ನಿನ್ ಮಿಷಿನ್ನು ಕಂಬ ಅತ್ತುತ್ತೇನಮ್ಮ?"

"ಹತ್ತಲ್ಲ ಭಾವ."

"ಅಂಗಾರೆ ನನ್ ಕೆಲ್ಸ ಗಟ್ಟಿ ಕಣಮ್ಮ. ಇಟ್ಟಾಕು" ಎಂದು ಊಟದ ತಟ್ಟೆ ಮುಂದಕ್ಕೆ ತಳ್ಳುತ್ತಿದ್ದರು.

ಕಂಪ್ಯೂಟರಿದ್ದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಮಧುಗಿರಿಯ ಬಂಡೆ ಕಾದು ಊರೆಲ್ಲ ರೊಟ್ಟಿಯ ಹಂಚಿನಂತಾದಾಗಲೂ ನಾನು ಆ ತಣ್ಣಗಿನ ಕೋಣೆಯಲ್ಲಿ ಶಾಲು ಹೊದ್ದು ಕೂರುತ್ತಿದ್ದೆ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿನ ಪಂಪ್‌ಸೆಟ್ ಲೈನಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕರೆಂಟು ಎಂಬ ಹಾಳೆಯನ್ನು ಅಚ್ಚು ಹಾಕುವುದು ಆ ಯಂತ್ರದ ಮುಖ್ಯ ಕೆಲಸ. ಅದಕ್ಕೂ ಕರೆಂಟು ಬೇಕು. ಕರೆಂಟು ಹೋದಾಗ ಅದೂ ನಿಲ್ಲುತ್ತಿತ್ತು. ಯಾವಾಗ ಹೋಗುತ್ತದೆ ಎಂದು ಅದಕ್ಕೇ ಗೊತ್ತಿರಲಿಲ್ಲ, ಏಕೆಂದರೆ ನಮ್ಮ ಕಚೇರಿಯ ಲೈನು ಆ ಹಾಳೆಯಲ್ಲಿ ಇರಲಿಲ್ಲ.

ಪ್ರೋಗ್ರಾಂ ಬರೆದವರು ಸಿರಾ ಕಡೆಯ ಒಬ್ಬ ಕಿರಿಯ ಇಂಜಿನಿಯರು. ಒಳ್ಳೆಯವರು, ಚುರುಕು, ಕೀಲಿಗಳನ್ನು ನೋಡದೆ ಟೈಪು ಮಾಡುತ್ತಿದ್ದರು. ಇಂದಿನವರಿಗೆ ನಗು ಬರಬಹುದು, ಗಂಟೆಗಳ ಸಂಖ್ಯೆಗಳನ್ನೆಲ್ಲ ಅವರು ಪ್ರೋಗ್ರಾಮಿನ ಒಳಗೇ ಬರೆದಿದ್ದರು. ಒಂದು ತಾಲ್ಲೂಕಿಗೆ ಒಂದು ಫೈಲು. ಒಂದು ಲೈನಿಗೆ ಒಂದು ಸಾಲು. ಪ್ರತಿ ಸಾಲಿನಲ್ಲಿ ಮೂರು ಸಂಖ್ಯೆ: ಮೊದಲನೆಯದು ಲೈನಿನ ನಂಬರು, ಎರಡನೆಯದು ಕರೆಂಟು ಕೊಡುವ ಗಂಟೆ, ಮೂರನೆಯದು ತೆಗೆಯುವ ಗಂಟೆ. ಗಂಟೆಯ ಲೆಕ್ಕ ರೈಲ್ವೆಯವರ ಹಾಗೆ, ಮಧ್ಯಾಹ್ನ ಎರಡಾದರೆ ಹದಿನಾಲ್ಕು. ಯಾವ ನಂಬರು ಯಾವ ಊರು ಎಂಬುದು ಬೇರೆ ಫೈಲಿನಲ್ಲಿತ್ತು. ಅಚ್ಚಾಗುವಾಗ ನಂಬರು ನೋಡಿ ಯಂತ್ರ ಊರಿನ ಹೆಸರು ಸೇರಿಸುತ್ತಿತ್ತು.

ಲೈನುಗಳಿಗೆ ನಂಬರು ಕೊಟ್ಟವರು ಮಧುಗಿರಿಯವರು. ಹಾಗಾಗಿ ಒಂದರಿಂದ ಹನ್ನೆರಡು ಮಧುಗಿರಿಗೆ. ಹದಿಮೂರರಿಂದ ಕೊರಟಗೆರೆ ಶುರು. ಆಮೇಲೆ ಸಿರಾ, ಕೊನೆಗೆ ಪಾವಗಡ. ಮಧುಗಿರಿಯಲ್ಲಿ ಕೂತು ಎಣಿಸಿದರೆ ಪಾವಗಡ ಯಾವಾಗಲೂ ಕೊನೆಗೇ ಬರುತ್ತದೆ.

ಒಂದು ಮಧ್ಯಾಹ್ನ ಮೇಲಿನಿಂದ ಅಪ್ಪಣೆ ಬಂತು. ಮಧ್ಯಾಹ್ನದ ಮೇಲಿನ ಪಾಳಿಗಳೆಲ್ಲ ನಾಳೆಯಿಂದ ಎರಡು ಗಂಟೆ ಮುಂದಕ್ಕೆ ಹೋಗಬೇಕು. ಬೆಳಗಿನ ಪಾಳಿ ಇದ್ದ ಹಾಗೇ ಇರಬೇಕು. ನಾನು ಫೈಲು ತೆರೆದು ಒಂದೊಂದೇ ಸಂಖ್ಯೆ ತಿದ್ದಲು ಕೂತೆ.

"ಅರೆ, ಏನ್ ಮೇಡಂ ಇದು, ಕೈಯಲ್ಲಿ ರಾಗಿ ಆರಿಸ್ದಂಗೆ!" ಎಂದರು ಇಂಜಿನಿಯರು. "ಸರಕಿರಿ, ಒಂದೇ ಸಾಲಲ್ಲಿ ಖಲಾಸ್ ಮಾಡ್ತೀನಿ."

ಆ ಯಂತ್ರವನ್ನು ನಡೆಸುತ್ತಿದ್ದ ಯೂನಿಕ್ಸ್ ವ್ಯವಸ್ಥೆಯಲ್ಲಿ ಸೆಡ್ ಎಂಬ ಒಂದು ಸಾಧನವಿತ್ತು. ಒಂದು ಅಕ್ಷರ ಇರುವಲ್ಲೆಲ್ಲ ಇನ್ನೊಂದು ಅಕ್ಷರ ಹಾಕಿಕೊಡುತ್ತಿತ್ತು. ಆದರೆ ಅದಕ್ಕೆ ಲೆಕ್ಕ ಬಾರದು. ಹದಿನಾಲ್ಕು ಇರುವಲ್ಲಿ ಹದಿನಾರು ಹಾಕು, ಹದಿನಾರು ಇರುವಲ್ಲಿ ಹದಿನೆಂಟು ಹಾಕು ಎಂದು ಅದೇ ಕ್ರಮದಲ್ಲಿ ಹೇಳಿದರೆ, ಮೊದಲು ಹದಿನಾರಾದ ಹದಿನಾಲ್ಕು ಮತ್ತೆ ಹದಿನೆಂಟಾಗಿಬಿಡುತ್ತದೆ. ಇದನ್ನು ಇಂಜಿನಿಯರೇ ನನಗೆ ವಿವರಿಸಿದರು. ಅವರ ಎಚ್ಚರಿಕೆ ಕಂಡು ನನಗೆ ಗೌರವವೇ ಬಂತು. ಅದಕ್ಕಾಗಿ ಅವರು ಆಕ್ ಎಂಬ ಇನ್ನೊಂದು ಸಾಧನ ಹಿಡಿದರು. ಅದಕ್ಕೆ ಸಂಖ್ಯೆ ಅರ್ಥವಾಗುತ್ತಿತ್ತು, ಷರತ್ತು ಹಾಕಬಹುದಿತ್ತು. ಅವರು ಟೈಪು ಮಾಡಿದ ಒಂದು ಸಾಲಿನ ಅರ್ಥ ಇಷ್ಟು: ಪ್ರತಿ ಸಾಲಿನಲ್ಲಿರುವ ಪ್ರತಿ ಸಂಖ್ಯೆಯನ್ನೂ ನೋಡು. ಹನ್ನೆರಡಕ್ಕಿಂತ ಹೆಚ್ಚಿದ್ದರೆ ಎರಡು ಕೂಡಿಸು. ಇಲ್ಲದಿದ್ದರೆ ಹಾಗೇ ಬಿಡು.

ಮೊದಲು ಮಧುಗಿರಿ ಫೈಲಿನ ಮೇಲೆ ನಡೆಸಿ ನೋಡಿದರು. ಮಧ್ಯಾಹ್ನದ ಗಂಟೆಗಳೆಲ್ಲ ಎರಡು ಹೆಚ್ಚಾಗಿದ್ದವು. ಬೆಳಗಿನವು ಅಲುಗಾಡಿರಲಿಲ್ಲ. ಇಬ್ಬರೂ ಪರದೆಯ ಮೇಲೆ ಬೆರಳಿಟ್ಟು ಓದಿದೆವು. ಒಂದು ತಪ್ಪಿರಲಿಲ್ಲ.

"ಮಿಕ್ಕ ಮೂರನ್ನೂ ನೋಡೋದಾ ಸಾರ್?"

"ಮಧುಗಿರೀಲಿ ಸರಿ ಬಂತಲ್ಲ ಮೇಡಂ, ಮತ್ತೇನು?"

ಆ ಕಚೇರಿಯಲ್ಲಿ ಎಲ್ಲ ವಿಷಯಕ್ಕೂ ಇದೇ ಉತ್ತರವಿತ್ತು. ಕುರ್ಚಿಯ ಎತ್ತರ, ರಜೆಯ ದಿನ, ಕಂಬದ ಬಣ್ಣ, ಯಾವುದೇ ಇರಲಿ, ಮಧುಗಿರಿಯಲ್ಲಿ ಸರಿಯಾದರೆ ನಾಲ್ಕು ತಾಲ್ಲೂಕಿಗೂ ಸರಿ. ಅವರು ಹಳೆಯ ಫೈಲುಗಳ ನಕಲು ಇಟ್ಟುಕೊಂಡು ಉಳಿದ ಮೂರರ ಮೇಲೂ ಅದೇ ಸಾಲು ಓಡಿಸಿದರು. ಪ್ರಿಂಟರು ಕಿರುಚಿಕೊಂಡು ಹಾಳೆಗಳನ್ನು ಹೊರಹಾಕಿತು. ಸಿರಾ, ಪಾವಗಡದ ಹಾಳೆಗಳು ಮರುದಿನದ ಬಸ್ಸಿಗೆಂದು ಮೇಜಿನ ಮೇಲುಳಿದವು. ಕೊರಟಗೆರೆಯದನ್ನು ನಾನು ಎಂದಿನಂತೆ ಬ್ಯಾಗಿನಲ್ಲಿ ಮಡಿಸಿಟ್ಟುಕೊಂಡು ಹೋಗಿ ಅಲ್ಲಿನ ಕಚೇರಿಯಲ್ಲಿ ಕೊಟ್ಟು ಮನೆಗೆ ಹೋದೆ. ಕರೆಂಟು ಹಾಕಿ ತೆಗೆಯುವ ಸ್ಟೇಷನ್ನುಗಳಿಗೆ ಮಾತ್ರ ಬರೀ ಫೋನು: ಮಧ್ಯಾಹ್ನದ್ದೆಲ್ಲ ಎರಡು ಗಂಟೆ ತಡ, ಬೆಳಗಿನದು ಮಾಮೂಲು.

ಈಗ ಲೈನ್‌ಮನ್ನರ ಒಂದು ಪದ್ಧತಿ ಹೇಳಬೇಕು. ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಫೋನು ಮಾಡಿ ಲೈನು ಬಂದ್ ಮಾಡಿಸಬೇಕು, ಆಮೇಲೆ, ಅಕಸ್ಮಾತ್ ಕರೆಂಟು ಬಂದರೂ ಭೂಮಿಗೆ ಇಳಿದುಹೋಗಲಿ ಎಂದು, ತಂತಿಗಳ ಮೇಲೆ ಸರಪಳಿ ಎಸೆದು ನೆಲಕ್ಕೆ ಸೇರಿಸಬೇಕು. ಪುಸ್ತಕದಲ್ಲಿರುವುದು ಹಾಗೆ. ಕೊಳಾಲದ ಕಡೆ ಫೋನು ಮಾಡಬೇಕಾದರೆ ಫೋನಿರುವ ಮನೆಗೆ ಸೈಕಲ್ಲು ತುಳಿಯಬೇಕು, ಮಳೆ ಬಂದರೆ ಆ ಫೋನೂ ಸತ್ತಿರುತ್ತಿತ್ತು. ಹಾಗಾಗಿ ಅವರು ಹಾಳೆ ನೋಡುತ್ತಿದ್ದರು, ಆಮೇಲೆ ಕಂಬದ ಬುಡದಲ್ಲಿ ನಿಂತು ಕಿವಿಗೊಡುತ್ತಿದ್ದರು. ಸುತ್ತಲ ಬಾವಿಗಳಲ್ಲಿ ಒಂದಾದರೂ ಪಂಪು ಓಡುತ್ತಿದ್ದರೆ ಲೈನು ಇದೆ. ಎಲ್ಲ ಪಂಪೂ ಸುಮ್ಮನಿದ್ದರೆ ಲೈನು ಇಲ್ಲ. ಕರೆಂಟು ಬಂದಾಗ ಪಂಪು ಹಾಕದೆ ಬಿಡುವ ರೈತ ಆ ಸೀಮೆಯಲ್ಲಿ ಹುಟ್ಟಿಲ್ಲ ಎಂದು ಭಾವ ಹೇಳುತ್ತಿದ್ದರು. "ಪಂಪು ಮಲಗೈತೆ ಅಂದ್ರೆ ಲೈನೂ ಮಲಗೈತೆ" ಎಂಬುದು ಅವರ ಶಾಸ್ತ್ರ. ಸರಪಳಿ ನಮ್ಮ ಮನೆಯ ಹಿತ್ತಲಿನಲ್ಲಿತ್ತು. ಅದರಲ್ಲಿ ಎಮ್ಮೆ ಕಟ್ಟಿತ್ತು. ಹಗ್ಗವನ್ನು ಆ ಎಮ್ಮೆ ತಿಂದುಬಿಡುತ್ತಿತ್ತು.

ಮರುದಿನ ಬೆಳಿಗ್ಗೆ ಭಾವ ಸೈಕಲ್ಲು ತೆಗೆದು ಹೊರಟರು. ಕೊಳಾಲದ ಹತ್ತಿರ ಒಂದು ಕಂಬದ ತುದಿಯಲ್ಲಿ ತಂತಿ ಕೂರಿಸುವ ಪಿಂಗಾಣಿ ಒಡೆದಿತ್ತು.

"ಇವತ್ತು ಸಲೀಸು ಕಣೆ" ಎಂದು ಅಕ್ಕನಿಗೆ ಹೇಳುತ್ತಿದ್ದರು. "ಕೊಳಾಲದ ಲೈನು ಸಂಜೆಗೆ ಹೋಗ್ಬುಟ್ಟೈತೆ. ಬೆಳಿಗ್ಗೆಯೆಲ್ಲ ಕರೆಂಟಿಲ್ಲ. ರಾತ್ರೀನೇ ಆಫೀಸ್ನಲ್ಲಿ ನೋಡ್ಕಂಡು ಬಂದೆ. ನಮ್ ಕಂಪ್ಯೂಟ್ರಮ್ಮನ ಕೃಪೆ."

ನಾನು ಜಡೆ ಹಾಕಿಕೊಳ್ಳುತ್ತಿದ್ದೆ. ಕೇಳಿಸಿತು. ಬಸ್ಸಿಗೆ ಹೊತ್ತಾಗುತ್ತಿತ್ತು.

ಕಚೇರಿಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಫೋನು ಬಂತು. ಗೊರವನಹಳ್ಳಿಯ ಲಕ್ಷ್ಮಿ ದೇವಸ್ಥಾನದ ಹತ್ತಿರ ಹೋಟೆಲು ಇಟ್ಟುಕೊಂಡಿದ್ದವನು. ಕೊರಟಗೆರೆಗೆ ಸಾಮಾನಿಗೆ ಬಂದವನು ಅಲ್ಲಿನ ಕಚೇರಿಯ ಗೋಡೆಯ ಹಾಳೆ ನೋಡಿ, ಅಲ್ಲಿಂದಲೇ ಮಾತಾಡುತ್ತಿದ್ದ. ಅವನ ಜಮೀನಿನ ಪಂಪೂ ಗೊರವನಹಳ್ಳಿಯ ಲೈನಿನಲ್ಲೇ ಇತ್ತು.

"ಅಮ್ಮಾ, ನಮ್ಮೂರೆಲ್ಲಮ್ಮ?"

"ಅಂದ್ರೆ?"

"ಹಾಳೇಲಿ ಗೊರವನಹಳ್ಳೀನೇ ಇಲ್ವಲ್ಲಮ್ಮ! ಲಕ್ಷ್ಮಿ ಇರೋ ಊರನ್ನೇ ತೆಗೆದ್ಬುಟ್ರಾ? ನಾಳೆ ಶುಕ್ರವಾರ, ಬಸ್ಸುಗಟ್ಲೆ ಜನ ಬತ್ತಾರೆ. ನಾನೇನ್ ತಾಯೀನ ನೀರು ಕೊಡು ಅಂತ ಕೇಳ್ಲಾ?"

ನಾನು ಹಾಳೆಯ ನಕಲು ತೆಗೆದೆ. ಅವನು ಹೇಳಿದ್ದು ನಿಜ. ಕೊರಟಗೆರೆಯ ಪಟ್ಟಿ ಹದಿನೈದರಿಂದ ಶುರುವಾಗಿತ್ತು. ಹದಿಮೂರು, ಹದಿನಾಲ್ಕು ಇರಲಿಲ್ಲ. ಇಂಜಿನಿಯರು ಬಂದು ನನ್ನ ಭುಜದ ಮೇಲಿನಿಂದ ಇಣುಕಿದರು. ಆಮೇಲೆ ಅವರು ತೀರಾ ಮೆಲ್ಲಗೆ, "ಲೈನ್ ನಂಬರಿಗೂ ಎರಡು ಕೂಡಿಸ್ಬಿಟ್ಟಿದೆ ಮೇಡಂ" ಎಂದರು.

ಹದಿಮೂರು ಹನ್ನೆರಡಕ್ಕಿಂತ ಹೆಚ್ಚು. ಹಾಗಾಗಿ ಅದು ಹದಿನೈದಾಯಿತು. ಆಕ್ ಹೇಳಿದ್ದನ್ನು ಹೇಳಿದ ಹಾಗೇ ಮಾಡಿತ್ತು. ಮಧುಗಿರಿಯ ನಂಬರುಗಳು ಹನ್ನೆರಡು ದಾಟುವುದಿಲ್ಲವಾದ್ದರಿಂದ ಅಲ್ಲಿ ಏನೂ ಕಾಣಿಸಲಿಲ್ಲ. ಕೊರಟಗೆರೆಯಲ್ಲಿ ಪ್ರತಿ ಊರಿನ ಗಂಟೆಯೂ ಎರಡು ಊರು ಕೆಳಗಿಳಿದಿತ್ತು. ಹದಿಮೂರು ಗೊರವನಹಳ್ಳಿ, ಅದಕ್ಕೆ ಸಂಜೆಯ ಪಾಳಿ. ಹದಿನೈದು ಯಾವುದೆಂದು ನನಗೆ ಫೈಲು ನೋಡದೆಯೇ ಗೊತ್ತಿತ್ತು. ಹದಿನೈದು ಕೊಳಾಲ. ಅದರ ನಿಜವಾದ ಪಾಳಿ ಬೆಳಿಗ್ಗೆ ಆರರಿಂದ ಹನ್ನೆರಡು. ಸ್ಟೇಷನ್ನಿನವನು ಮಾಮೂಲಿನಂತೆ ಆರಕ್ಕೆ ಕರೆಂಟು ಹಾಕಿರುತ್ತಾನೆ.

"ಸಾರ್, ನಮ್ ಭಾವ ಕಂಬ ಹತ್ತೋಕೆ ಹೋಗಿದಾರೆ."

"ಪಂಪು ಓಡ್ತಿರುತ್ತಲ್ಲ ಮೇಡಂ, ಗೊತ್ತಾಗುತ್ತೆ ಬಿಡಿ" ಎಂದರು. ಅವರಿಗೂ ಆ ಶಾಸ್ತ್ರ ಗೊತ್ತಿತ್ತು.

"ಸಾರ್, ಅಲ್ಲಿ ಎರಡು ದಿನದಿಂದ ಮಳೆ."

ಹೊಲ ನೆನೆದಿರುವಾಗ ಯಾರು ಪಂಪು ಹಾಕುತ್ತಾರೆ? ಕರೆಂಟಿದ್ದರೂ ಪಂಪು ಹಾಕದ ರೈತ ವರ್ಷದಲ್ಲಿ ಕೆಲವೇ ದಿನ ಹುಟ್ಟುತ್ತಾನೆ, ಅಂಥ ದಿನ ಅದು.

ಸ್ಟೇಷನ್ನಿಗೆ ಫೋನು ಮಾಡಿದೆವು. ಮಳೆಗೆ ಸತ್ತಿತ್ತು. ಇಂಜಿನಿಯರು ಚಪ್ಪಲಿ ಹಾಕಿಕೊಳ್ಳದೆ ಜೀಪಿನ ಕಡೆ ಓಡಿದರು. ಡ್ರೈವರು ಪಾವಗಡದವನು, ಅರ್ಧ ತೆಲುಗು, ಅರ್ಧ ಕನ್ನಡ.

"ಏಮಿ ಸಾರ್, ಕಾಲ್ಗೆ ಚಪ್ಲಿ ಲೇದು?"

"ಕೊಳಾಲ. ಬೇಗ."

ಸ್ಟೇಷನ್ನು ಕೊಳಾಲದ ಆಚೆಗಿತ್ತು. ಅಲ್ಲಿಗೆ ಹೋಗಿ ಲೈನು ತೆಗೆಸುವುದು ನಮ್ಮ ಯೋಚನೆ. ದಾರಿಯಲ್ಲಿ ಒಮ್ಮೆ ಇಂಜಿನಿಯರು, "ಎರಡನೇದು, ಮೂರನೇದು. ಬರೀ ಆ ಎರಡು ಸಂಖ್ಯೆಗೆ ಷರತ್ತು ಹಾಕಿದ್ರೆ ಸಾಕಿತ್ತು" ಎಂದರು. ನಾನು ಹೂಂ ಎಂದೆ. ಕಿಟಕಿಯ ಹೊರಗೆ ಬಾವಿಯಿಂದ ಬಾವಿಗೆ ಪಂಪಿನ ಮನೆಗಳು ಹಾದುಹೋಗುತ್ತಿದ್ದವು. ಎಲ್ಲ ಸುಮ್ಮನಿದ್ದವು. ಇಷ್ಟು ಹಸಿರಾದ ಸೀಮೆಯನ್ನು ನೋಡಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ.

ಕೊಳಾಲ ಇನ್ನೂ ಸ್ವಲ್ಪ ದೂರವಿರುವಾಗ ಡ್ರೈವರು ಬ್ರೇಕು ಹಾಕಿದ. "ಅದಿಗೋ ಅಮ್ಮಾ, ಮೀ ಭಾವ."

ರಸ್ತೆಯಿಂದ ಮೂರು ಹೊಲದಾಚೆ ಕಂಬ. ಕಂಬದ ಅರ್ಧದಲ್ಲಿ ಖಾಕಿ ಬಟ್ಟೆ. ಬುಡದಲ್ಲಿ ಸೈಕಲ್ಲು, ಸೈಕಲ್ಲಿಗೆ ನೇತುಹಾಕಿದ ಬುತ್ತಿ. ಅವರು ನಿಧಾನವಾಗಿ ಹತ್ತುತ್ತಿದ್ದರು. ಭಾವ ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿದವರಲ್ಲ. ಜೀಪು ಕೆಸರಿಗಿಳಿದರೆ ಹೂತುಹೋಗುತ್ತಿತ್ತು. ಇಂಜಿನಿಯರೂ ನಾನೂ ಬದುವಿನ ಮೇಲೆ ನಿಂತು ಕೂಗಿದೆವು. ಡ್ರೈವರು ಹಾರನ್ನು ಒತ್ತಿದ.

"ಭಾವಾ! ಇಳೀರಿ! ಲೈನ್ ಇದೇ!"

ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಅವರಿಗೆ ಕೂಗು ತಲುಪಿತು, ಮಾತು ತಲುಪಲಿಲ್ಲ. ತಿರುಗಿ ನೋಡಿದರು. ಕಚೇರಿಯ ಜೀಪು, ಸಾಹೇಬರು, ನಾದಿನಿ. ಕಂಬದ ಮೇಲಿಂದ ಒಂದು ಕೈ ಬಿಟ್ಟು ನಮಗೆ ಬೀಸಿದರು. ದೊಡ್ಡ ನಗು ಇತ್ತು, ಅಷ್ಟು ದೂರಕ್ಕೂ ಹಲ್ಲು ಕಂಡಿತು. ಇಂಜಿನಿಯರು ಗಾಬರಿಯಲ್ಲಿ ಎರಡೂ ಕೈ ಎತ್ತಿ ಆಡಿಸಿದರು. ಭಾವ ಇನ್ನೊಮ್ಮೆ ಬೀಸಿ, ಸಾಹೇಬರ ಮುಂದೆ ಚುರುಕಾಗಿ ಕಾಣಬೇಕೆಂದೋ ಏನೋ, ಬೇಗ ಬೇಗ ಹತ್ತತೊಡಗಿದರು.

ಕೂಗಿದಷ್ಟೂ ಅವರು ಮೇಲೆ ಹೋಗುತ್ತಾರೆ ಎಂದು ನನಗೆ ಆಗ ಹೊಳೆಯಿತು.

ರಸ್ತೆಗೆ ಅಂಟಿಕೊಂಡೇ ಒಂದು ಬಾವಿ, ಒಂದು ಪಂಪಿನ ಮನೆ ಇತ್ತು. ಬಾಗಿಲ ಮುಂದೆ ಕಂಬಳಿ ಹಾಸಿಕೊಂಡು ಒಬ್ಬ ಅಜ್ಜಿ ಕುರಿ ಕಾಯುತ್ತ ಕೂತಿದ್ದಳು. ನಾನು ಅವಳನ್ನು ದಾಟಿ ಒಳಗೆ ನುಗ್ಗಿದೆ.

"ಏಯ್! ಯಾರವ್ವ ನೀನು? ಯಾತಕ್ ಒಳೀಕ್ ಹೋಯ್ತಿದೀಯ?"

"ಪಂಪು ಹಾಕ್ಬೇಕು ಅಜ್ಜಿ!"

"ಮಳೆ ಬಂದು ಹೊಲ ಕೆರೆ ಆಗೈತೆ, ಈಗ ಪಂಪಾ? ತಲೆ ನೆಟ್ಟಗೈತೇನ್ ನಿಂಗೆ? ಅದಕ್ಕೆ ನೀರು ತುಂಬಿಲ್ಲ ಕಣಮ್ಮಿ, ಸುಟ್ಟೋಯ್ತದೆ! ನನ್ ಮಗ ಬಂದ್ರೆ ನನ್ನ ಸುಮ್ಕೆ ಬುಡ್ತಾನಾ?"

ಕತ್ತಲೆಯಲ್ಲಿ ಸ್ಟಾರ್ಟರು ಹುಡುಕಿದೆ. ಹಸಿರು ಗುಂಡಿ, ಕೆಂಪು ಗುಂಡಿ. ಅಜ್ಜಿ ನನ್ನ ಸೀರೆಯ ಸೆರಗು ಹಿಡಿದೆಳೆಯುತ್ತಿದ್ದಳು. ಹಸಿರು ಒತ್ತಿದೆ.

ಏನೂ ಆಗಲಿಲ್ಲ. ಎಷ್ಟು ಹೊತ್ತು ಏನೂ ಆಗಲಿಲ್ಲ ಎಂದು ನನಗೆ ಹೇಳಲು ಬರುವುದಿಲ್ಲ. ನಾನು ಗುಂಡಿಯನ್ನು ಪೂರ್ತಿ ಒತ್ತಿರಲಿಲ್ಲ, ಅಷ್ಟೆ. ಇನ್ನೊಮ್ಮೆ ಅಂಗೈಯಿಂದ ಒತ್ತಿದೆ. ಮೋಟಾರು ಗುರ್ ಎಂದು ಎದ್ದಿತು. ನೀರಿಲ್ಲದ ಪಂಪು ಒಣ ಗಂಟಲಿನಲ್ಲಿ ಕಿರುಚಿಕೊಂಡಿತು. ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಜ್ಜಿಯ ಕುರಿಗಳೆಲ್ಲ ಓಡಿದವು.

ಹೊರಗೆ ಬಂದು ನೋಡಿದೆ. ಭಾವ ಕಂಬದ ತುದಿಗೆ ಹತ್ತಿರವಿದ್ದರು. ಬಲಗೈ ಮೇಲೆ ಎತ್ತಿತ್ತು. ಆ ಕೈ ಹಾಗೇ ನಿಂತಿತು. ತಲೆ ಪಂಪಿನ ಮನೆಯ ಕಡೆ ತಿರುಗಿತು. ಆಮೇಲೆ ಆ ಕೈ ಬಿಸಿ ಪಾತ್ರೆಯಿಂದ ಹಿಂದೆಗೆಯುವ ಹಾಗೆ ಅಲ್ಲ, ನಿದ್ದೆ ಮಾಡುವ ಮಗುವಿನ ಮೇಲಿಂದ ತೆಗೆಯುವ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಅವರು ಇಳಿದರು. ಹತ್ತಿದ್ದಕ್ಕಿಂತ ನಿಧಾನವಾಗಿ ಇಳಿದರು.

ಹೊಲ ದಾಟಿ ಬಂದಾಗ ಬೈಯುತ್ತಲೇ ಬಂದರು.

"ಯಾವನ್ಲಾ ಅವ್ನು ಪಂಪ್ ಹಾಕ್ದೋನು? ಲೈನ್ ಇಲ್ದಿರ್ವಾಗ ಪಂಪು—"

ಅಲ್ಲಿಗೆ ನಿಂತರು. ಕಿರುಚುತ್ತಿದ್ದ ಪಂಪನ್ನು ನೋಡಿದರು. ತಂತಿ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಅಜ್ಜಿಯ ಕಂಬಳಿಯ ಮೇಲೆ, ಕೇಳದೆ, ಕೂತುಬಿಟ್ಟರು.

ಅಜ್ಜಿ ಒಳಗೆ ಹೋಗಿ ಪಂಪು ನಿಲ್ಲಿಸಲು ಹೊರಟಳು.

"ಇರ್ಲಿ ಬುಡವ್ವ" ಎಂದರು ಭಾವ. "ವಸಿ ಹೊತ್ತು ಓಡ್ಲಿ."

"ಓಡ್ಲಿ ಅಂತೆ! ನಿಮ್ಮಪ್ಪನ ಮನೇದಾ?" ಎಂದು ಅಜ್ಜಿ ಕೆಂಪು ಗುಂಡಿ ಒತ್ತಿದಳು. ಸದ್ದು ನಿಂತಿತು. "ಹಾಡು ಹಗ್ಲೇ ಗವರ್ಮೆಂಟ್ ಜೀಪಲ್ ಬಂದು, ನನ್ ಪಂಪ್ ಸುಟ್ಟು, ನನ್ ಕುರಿ ಓಡ್ಸಿ, ನನ್ ಕಂಬ್ಳಿ ಮೇಲೆ ಕುಂತವ್ನೆ ನೋಡು. ನೀರಾದ್ರೂ ಕುಡೀಲಾ, ಮುಖ ಬೂದಿ ಆಗೈತೆ."

ಭಾವ ಚೊಂಬು ಎತ್ತಿ ಕುಡಿದರು. ಇಂಜಿನಿಯರು ಬರಿಗಾಲಿನಲ್ಲಿ ಕೆಸರಿನಲ್ಲಿ ನಿಂತು ನಡೆದದ್ದನ್ನು ಹೇಳಲು ಶುರುಮಾಡಿದರು. ಮೂರು ಸಂಖ್ಯೆ, ಮೊದಲನೆಯದು ನಂಬರು, ಹನ್ನೆರಡಕ್ಕಿಂತ ಹೆಚ್ಚಿದ್ದರೆ, ಎಂದು. ಭಾವ ಗಮನವಿಟ್ಟು ಪೂರ್ತಿ ಕೇಳಿದರು.

"ಅಂಗಾರೆ ಮಧುಗಿರಿಯೋರು ಯಾರೂ ಸಾಯ್ತಿರ್ಲಿಲ್ಲ ಅನ್ನಿ" ಎಂದರು.

"ಇಲ್ಲ" ಎಂದರು ಇಂಜಿನಿಯರು.

ಬರುವ ದಾರಿಯಲ್ಲಿ ಕೊರಟಗೆರೆ ಕಚೇರಿಯ ಗೋಡೆಯಿಂದ ಆ ಹಾಳೆ ಕಿತ್ತುಕೊಂಡು, ಮಧ್ಯಾಹ್ನ ನಾವು ಕಚೇರಿಗೆ ಮರಳಿ ಹಳೆಯ ಫೈಲುಗಳನ್ನು ವಾಪಸು ತಂದು, ಎರಡನೆಯ ಮತ್ತು ಮೂರನೆಯ ಸಂಖ್ಯೆಗೆ ಮಾತ್ರ ಷರತ್ತು ಹಾಕಿದೆವು. ಮೊದಲು ಪಾವಗಡದ ಫೈಲಿನ ಮೇಲೆ ನಡೆಸಿದೆವು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಅಚ್ಚು ಹಾಕಿ ಪ್ರತಿ ಸಾಲನ್ನೂ ಇಬ್ಬರೂ ಜೋರಾಗಿ ಓದಿದೆವು. ಇಂಜಿನಿಯರ ಧ್ವನಿ ನಡುವೆ ಎರಡು ಸಲ ಒಡೆಯಿತು. ಅವರು ಕೆಮ್ಮಿದಂತೆ ಮಾಡಿದರು, ನಾನು ಮುಂದಿನ ಸಾಲು ಓದಿದೆ.

ಈಗಲೂ ನಾನು ಆ ಬೆಳಿಗ್ಗೆಯನ್ನು ತೆಗೆದು ಒಂದೊಂದೇ ಬದಲಿಸಿ ನೋಡುತ್ತೇನೆ. ಹೋಟೆಲಿನವನಿಗೆ ಕೊರಟಗೆರೆಯಲ್ಲಿ ಕೆಲಸವಿಲ್ಲದಿದ್ದರೆ. ಅಜ್ಜಿಯ ಮಗ ಫ್ಯೂಸು ಕಿತ್ತುಕೊಂಡು ಹೋಗಿದ್ದರೆ. ಗುಂಡಿ ಎರಡನೆಯ ಸಲವೂ ಪೂರ್ತಿ ಒಳಗೆ ಹೋಗದಿದ್ದರೆ. ಯಾವುದನ್ನು ಬದಲಿಸಿದರೂ ಆ ಕೈ ಮೇಲೆ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ ನಡೆಸುತ್ತೇನೆ.

ಸಂಜೆ ಮನೆಗೆ ಹೋದಾಗ ಭಾವ ಹಿತ್ತಲಿನಲ್ಲಿದ್ದರು. ಅಕ್ಕನಿಗೆ ಏನೂ ಹೇಳಿರಲಿಲ್ಲ. ಎಮ್ಮೆಯ ಕೊರಳಿನಿಂದ ಸರಪಳಿ ಬಿಚ್ಚುತ್ತಿದ್ದರು.

"ಎಮ್ಮೆ ಯಾಕ್ರೀ ಬಿಚ್ತಿದೀರಿ?" ಎಂದು ಅಕ್ಕ ಒಳಗಿನಿಂದ ಕೂಗಿದಳು.

"ಎಮ್ಮೆ ಬಿಚ್ತಿಲ್ಲ ಕಣೆ. ಸರಪಳಿ ತಗೋತಿದೀನಿ."

"ಅದು ಹಗ್ಗ ತಿಂದು ಓಡೋಯ್ತದೆ!"

"ಓಡೋಗ್ಲಿ ಬುಡು."

ಸರಪಳಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಚೀಲದ ತಳದಲ್ಲಿ ಇಟ್ಟರು. ಆಮೇಲೆ ನನ್ನನ್ನು ನೋಡಿ, "ಕಂಪ್ಯೂಟ್ರಮ್ಮ, ನಾಳೆ ಕೊಳಾಲ ಎಷ್ಟ್ನೇ ನಂಬ್ರಮ್ಮ?" ಎಂದರು.

"ಹದಿನೈದು, ಭಾವ."

"ನೆಪ್ಪಿಟ್ಕೊ."

ಮರುದಿನ ಬೆಳಿಗ್ಗೆ ಎಮ್ಮೆ ಇರಲಿಲ್ಲ. ಅಕ್ಕ ಓಣಿಯಲ್ಲಿ ನಿಂತು ಭಾವನಿಗೂ ಎಮ್ಮೆಗೂ ಸೇರಿಸಿ ಬೈದಳು. ಅಂದು ನಾನು ಬಸ್ಸು ತಪ್ಪಿಸಿಕೊಂಡು ಎಮ್ಮೆ ಹುಡುಕಲು ಹೋದೆ. ಭಾವ ಸರಪಳಿ ಹೆಗಲಿಗೆ ಹಾಕಿಕೊಂಡು, ಅದರ ಸದ್ದು ಮಾಡುತ್ತ, ಕೊಳಾಲಕ್ಕೆ ಹೋದರು. ಆ ಪಿಂಗಾಣಿ ಇನ್ನೂ ಹಾಕುವುದಿತ್ತು.